ಹಾಳು ಹಂಪಿ: ಬಾಕಿ ಬಿಲ್ಲಿನ ದೃಷ್ಟಿಯಿಂದ ಒಂದು ಮರುಶೋಧನೆ

ಪ್ರತಿಜ್ಞೆ: ಹಂಪಿ ಹಾಳಾಗಿಲ್ಲ, ಅದರ ಕಂತು ಬಾಕಿ ಇದೆ.

ಪ್ರಮಾಣ: ಮನೆಯೆಂದರೇನು? 2000ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ದರ್ಶನದಂತೆ ಮನೆಗೆ ಅವಸ್ಥೆಗಳು ನಾಲ್ಕು: ಪಾಯ, ಗೋಡೆ, ಛಾವಣಿ, ಪೂರ್ಣ. ಮಾಂಡೂಕ್ಯ ಉಪನಿಷತ್ತಿನಲ್ಲೂ ಅವಸ್ಥೆ ನಾಲ್ಕೇ. ಎರಡರಲ್ಲೂ ನಾಲ್ಕನೆಯದನ್ನು ಕಂಡವರು ವಿರಳ. ಫಲಾನುಭವಿ ಮೊದಲು ಸಾಲ ಮಾಡಿ ಕಟ್ಟಬೇಕು, ಕಟ್ಟಿದ್ದರ ಮುಂದೆ ನಿಂತು ಜಿಪಿಎಸ್ ಫೋಟೊ ತೆಗೆಸಿಕೊಳ್ಳಬೇಕು, ಬಿಲ್ಲು ಆಮೇಲೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ನಾಡಿನ ಮನೆಗೆ 1.20 ಲಕ್ಷ ರೂಪಾಯಿ. ಅದರಲ್ಲಿ 60 ಪಾಲು ಕೇಂದ್ರದ್ದು, 40 ರಾಜ್ಯದ್ದು, ಉಳಿದ ಖರ್ಚು ದೇವರದ್ದು.

ಸಾಕ್ಷ್ಯ ಒಂದು: ಕಮಲ ಮಹಲಿನ ಆವರಣದಲ್ಲಿ ರಾಣಿಯ ಅರಮನೆಯದೆಂದು ತೋರಿಸುವ ಜಾಗದಲ್ಲಿ ಇರುವುದು ಬರೀ ಪಾಯ. ಮೇಲಿನ ಮರದ ಕಟ್ಟಡ 1565ರ ಯುದ್ಧದ ನಂತರ ಸುಟ್ಟುಹೋಯಿತೆಂದು ಪಂಡಿತರ ಮತ. ಅದು ಅವಸರದ ತೀರ್ಮಾನ. ವಸತಿ ಯೋಜನೆಯ ಮನೆ ಮಂಜೂರಾಗುವುದು ಮನೆಯೊಡತಿಯ ಹೆಸರಿಗೆ ಎಂಬುದನ್ನು ಅವರು ಮರೆತರು. ರಾಣಿಯ ಮೊದಲ ಬಿಲ್ಲಾಗಿದೆ, ಎರಡನೆಯದು ಆಗಿಲ್ಲ.

ಸಾಕ್ಷ್ಯ ಎರಡು: ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಿಗೆ ಕಂಬವಿದೆ, ಚಪ್ಪಡಿಯಿದೆ, ಎದುರು ಗೋಡೆಯಿಲ್ಲ. ಗೋಡೆ ಬಿಟ್ಟು ಛಾವಣಿಗೆ ಹಣ ಕೊಟ್ಟದ್ದು ಸ್ಪಷ್ಟ ಆಡಿಟ್ ಆಕ್ಷೇಪ. ಬಜಾರಿನ ಪೂರ್ವದ ತುದಿಯಲ್ಲಿರುವ ‘ಎದುರು ಬಸವಣ್ಣ’ ಎಂಬ ನಂದಿ ಧ್ಯಾನದಲ್ಲಿದ್ದಾನೆಂದು ಭಕ್ತರು ನಂಬಿದ್ದಾರೆ. ಅವನು ಕೂತಿರುವುದು ಜಿಪಿಎಸ್ ಫೋಟೊಗೆ.

ಪೂರ್ವಪಕ್ಷ: ಆ ಗೋಡೆಯನ್ನು ಜನರೇ ಕಟ್ಟಿಕೊಂಡು, ಒಲೆ ಹೂಡಿ, ಮಕ್ಕಳನ್ನು ಸಾಕಿದ್ದರಲ್ಲ? ಹೌದು. ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ. ಅವರ ಗೋಡೆಗೆ ಜೆಸಿಬಿ ಬಂದದ್ದು 2011ರ ಜುಲೈಯಲ್ಲಿ. ಎತ್ತಂಗಡಿಯಾದವರಿಗೆ ಪುನರ್ವಸತಿಗೆಂದು ಕಡ್ಡಿರಾಂಪುರ ತೋರಿಸಲಾಯಿತು. ಇದರಿಂದ ಸಂರಕ್ಷಣೆಯ ಮೂಲಸೂತ್ರ ಸಿದ್ಧಿಸುತ್ತದೆ: ಮನೆ ಉಳಿಯಬೇಕಾದರೆ ಒಳಗೆ ಯಾರೂ ಇರಬಾರದು. ಖಾಲಿ ಮಂಟಪಕ್ಕೆ ಪುರಾತತ್ತ್ವ ಇಲಾಖೆ ಇದೆ, ಹಂಪಿಗೆಂದೇ ಒಂದು ಪ್ರಾಧಿಕಾರ ಇದೆ, ಅದಕ್ಕೊಂದು 2002ರ ಕಾಯಿದೆ ಇದೆ. ಸೋರುವ ಆಶ್ರಯ ಮನೆಗೆ ಇರುವುದು ಒಂದು ನೀಲಿ ತಾಡಪತ್ರಿ.

ಕ್ಷೇತ್ರಕಾರ್ಯ: ಹೊಸಪೇಟೆ ಸೀಮೆಯ ಒಂದು ಹಳ್ಳಿ. ಪಾಯದ ಮೇಲೆ ಹುಣಸೆಹಣ್ಣು ಒಣಹಾಕಿದ್ದ ಅಮ್ಮನನ್ನು ಸಂದರ್ಶಿಸಲಾಯಿತು.

“ಬಿಲ್ಲಾತೇನಮ್ಮಾ?”

“ಎಲ್ಲಿ ಬಿಲ್ಲು ಬಿಡ್ರಿ. ರಾಣಿ ಪಾಯ ನೋಡಾಕ ಟಿಕೀಟು ತಗಂತೀರಲ್ಲ? ನಮ್ ಪಾಯಕ್ಕೂ ಒಂದ್ ಟಿಕೀಟು ಇಡ್ರಿ, ಛಾವಣಿ ನಾವಾ ಹಾಕ್ಕಂತೀವಿ.”

ಉಪಸಂಹಾರ: ಧನಸಹಾಯ, ಸಂರಕ್ಷಣೆ ಎರಡನ್ನೂ ಒಂದೇ ಮಾತಿನಲ್ಲಿ ಬಗೆಹರಿಸುವ ಈ ಹೇಳಿಕೆಯನ್ನು, ಅಡಿಟಿಪ್ಪಣಿಯ ಬೆಂಬಲವಿಲ್ಲದ್ದರಿಂದ, ಪ್ರಬಂಧದಿಂದ ಕೈಬಿಡಲಾಗಿದೆ.