ನೇವಿ ಬ್ಲೂ ಮತ್ತು ಬಣ್ಣಗೇಡಿಗಳು

ನೇವಿ ಬ್ಲೂ ಯಾರಿಗೆ ಒಪ್ಪುತ್ತದೆ? ಎಲ್ಲರಿಗೂ.

ಲೇಖನ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ನಮ್ಮಲ್ಲಿ ಬಟ್ಟೆಯ ಬಣ್ಣ ಕೇಳಿದರೆ ಯಾರೂ ಬಟ್ಟೆಯ ಬಣ್ಣ ಹೇಳುವುದಿಲ್ಲ. ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಮೊಣಕೈ ನೋಡುತ್ತಾರೆ. ಆಮೇಲೆ ನಿಮ್ಮ ಅಮ್ಮನ ಕಡೆ ತಿರುಗಿ ಒಂದು ನಿಟ್ಟುಸಿರು. ಅಲ್ಲಿಂದ ಶುರು.

ಮದುವೆ ಜವಳಿಗೆಂದು ಚಿಕ್ಕಪೇಟೆಗೆ ಹೋಗಿಬಂದ ಯಾವ ಕುಟುಂಬವನ್ನಾದರೂ ಕೇಳಿ. ಹುಡುಗಿ ಕಡುನೀಲಿ ರೇಷ್ಮೆಯ ಮೇಲೆ ಕೈ ಇಟ್ಟಿರುತ್ತಾಳೆ. ಜೊತೆಗೆ ಬಂದ ದಂಡಿನಲ್ಲಿ ಒಬ್ಬರು ಸೋದರತ್ತೆ ಇದ್ದೇ ಇರುತ್ತಾರೆ. "ಅದು ಬೇಡ ಕಣೇ, ನಿನ್ ಕಲರ್‌ಗೆ ಎದ್ದು ಕಾಣಲ್ಲ." ಸರಿ, ದೊಡ್ಡಮ್ಮ ತಿಳಿಗುಲಾಬಿಯದೊಂದನ್ನು ಎಳೆಯುತ್ತಾರೆ. "ಅಯ್ಯೋ, ಅದನ್ನ ಉಟ್ರೆ ಇನ್ನೂ ಕಪ್ಪಗೆ ಕಾಣ್ತಾಳೆ." ರಾಣಿ ಪಿಂಕ್? "ಕಣ್ಣಿಗೆ ಹೊಡೆಯುತ್ತೆ."

ಕಡುಬಣ್ಣ ಉಟ್ಟರೆ ಕಪ್ಪು. ತಿಳಿಬಣ್ಣ ಉಟ್ಟರೆ ಇನ್ನೂ ಕಪ್ಪು. ಢಾಳಾದ ಬಣ್ಣ ಉಟ್ಟರೆ ನೋಡುವವರ ಕಣ್ಣಿಗೆ ಪೆಟ್ಟು. ಉಡಲು ಉಳಿದದ್ದು ಯಾವುದು? ಏನೂ ಉಳಿದಿಲ್ಲ. ತಕರಾರು ಸೀರೆಯ ಮೇಲೆ ಇದ್ದಿದ್ದರೆ ತಾನೆ, ಸೀರೆ ಬದಲಿಸಿ ಸರಿಮಾಡುವುದು.

ಅಂಗಡಿಯಲ್ಲಿ ನೀಲಿಗೆ ಎಷ್ಟು ಹೆಸರು ನೋಡಿ. ನೇವಿ, ರಾಯಲ್, ಇಂಕ್ ಬ್ಲೂ, ಎಂ.ಎಸ್. ಬ್ಲೂ, ಪೀಕಾಕ್, ಆಕಾಶ ನೀಲಿ. ಮೈಬಣ್ಣಕ್ಕೆ ಮಾತ್ರ ಎರಡೇ. ಬೆಳ್ಳಗೆ, ಮತ್ತು "ಪರವಾಗಿಲ್ಲ".

ಸೀರೆ ಬಿಚ್ಚಿ ಹರಡುವ ಹುಡುಗನ ಹತ್ತಿರ ಎಲ್ಲ ಮೈಬಣ್ಣಕ್ಕೂ ಒಂದೇ ಮಾತು: "ಅಕ್ಕಂಗೆ ಸೂಪರಾಗಿ ಒಪ್ಪುತ್ತೆ." ಆ ಇಡೀ ಅಂಗಡಿಯಲ್ಲಿ ನಿಜ ಹೇಳುತ್ತಿರುವವನು ಅವನೊಬ್ಬನೇ. ಅದೂ ಕಮಿಷನ್ ಆಸೆಗೆ.

ಬಣ್ಣದ ವಾದ ಸೋತರೆ ಶಾಸ್ತ್ರ ಹೊರಬರುತ್ತದೆ. "ನೇವಿ ಬ್ಲೂ ರಾತ್ರಿ ಹೊತ್ತು ಕಪ್ಪಿನ ಹಾಗೇ ಕಾಣುತ್ತೆ. ಶುಭಕಾರ್ಯಕ್ಕೆ ಕಪ್ಪು ಆಗಿಬರಲ್ಲ." ಹೀಗೆ ಹೇಳುವವರ ಕೊರಳಲ್ಲಿ ಏನಿದೆ? ಕರಿಮಣಿ. ಮದುವೆ ನಿಂತಿರುವುದೇ ಅದರ ಮೇಲೆ. ಉತ್ತರ ಕರ್ನಾಟಕದಲ್ಲಿ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಕಸೂತಿ ಹಾಕಿದ ಕರಿ ಚಂದ್ರಕಾಳಿ ಒಂದು ಇರಲೇಬೇಕಿತ್ತು. ಆ ಮದುವೆಗಳೇನೂ ಮುರಿದುಬೀಳಲಿಲ್ಲ. ಆ ಶಾಸ್ತ್ರದ ಪುಟ ಸೋದರತ್ತೆಯ ಪ್ರತಿಯಲ್ಲಿ ಹರಿದುಹೋಗಿರಬೇಕು.

ಸಂಜೆ ರಿಸೆಪ್ಷನ್ನಿಗೆ ಬನ್ನಿ. ವೇದಿಕೆ ಮೇಲೆ ನಿಂತಿರುವ ಗಂಡು ಏನು ತೊಟ್ಟಿದ್ದಾನೆ? ನೇವಿ ಬ್ಲೂ ಸೂಟು. ಹತ್ತರಲ್ಲಿ ಏಳು ಮದುವೆಗೆ ಇದೇ, ಬೇಕಿದ್ದರೆ ನೀವೇ ಎಣಿಸಿ. ಹುಡುಗಿಗಿಂತ ಗಂಡು ಕಪ್ಪು. ಆದರೆ ರಾತ್ರಿ ಹೊತ್ತು ಅವನ ನೇವಿ ಕಪ್ಪಾಗುವುದಿಲ್ಲ. ಅಶುಭವೂ ಆಗುವುದಿಲ್ಲ. ಅವನಿಗೆ ಎದ್ದು ಕಾಣುತ್ತದೋ ಇಲ್ಲವೋ, ಯಾರೂ ವಿಚಾರಿಸುವುದಿಲ್ಲ. "ಗಂಡಸು, ಅವನ ಬಣ್ಣ ಏನು ನೋಡೋದು?" ಅವನಿಗೆ ಸಿಗುವ ಸಲಹೆಯೆಲ್ಲ ಕಾಲಿನ ಹತ್ತಿರ. ನೇವಿ ಸೂಟಿಗೆ ಕಂದು ಬೂಟು ಹಾಕು. ಬೆಲ್ಟು ಬೂಟಿನ ಬಣ್ಣದ್ದೇ ಇರಲಿ. ನೋಡಿ, ಒಂದೇ ಬಟ್ಟೆ. ಗಂಡಿಗೆ ಅದು ಬೂಟಿನ ಚರ್ಮದ ಪ್ರಶ್ನೆ. ಹೆಣ್ಣಿಗೆ ಸ್ವಂತ ಚರ್ಮದ ಪ್ರಶ್ನೆ.

ಓದಿದವರ ಮನೆಗಳಲ್ಲಿ ಸೋದರತ್ತೆಯ ಮಾತು ನಡೆಯುವುದಿಲ್ಲ. ಅಲ್ಲಿ ಕಲರ್ ಅನಾಲಿಸಿಸ್ ನಡೆಯುತ್ತದೆ. ಮಾತು ಅದೇ. ಫೀಸು ಬೇರೆ.

1980ರಲ್ಲಿ ಕರೋಲ್ ಜಾಕ್ಸನ್ ಎಂಬ ಅಮೆರಿಕದ ಮಹಿಳೆ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕ ಬರೆದು ಹೆಂಗಸರನ್ನು ನಾಲ್ಕು ಋತುಗಳಲ್ಲಿ ಹಂಚಿದರು. ವಸಂತದವರು, ಬೇಸಿಗೆಯವರು, ಶರತ್ಕಾಲದವರು, ಚಳಿಗಾಲದವರು. ಯಾವ ಋತುವಿನವರಿಗೆ ಯಾವ ನೀಲಿ ಅಂತ ಪಟ್ಟಿ. ರಾಯಚೂರಿನವರು ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. ಆ ಪಟ್ಟಿ ಈಗ ಇಂದಿರಾನಗರಕ್ಕೆ ಬಂದು ಕುಳಿತಿದೆ. ಮುಂಗೈ ತಿರುಗಿಸಿ, ನರ ತೋರಿಸಿ ಅನ್ನುತ್ತಾರೆ. ನೀಲಿ ಕಂಡರೆ ನಿಮ್ಮದು 'ಕೂಲ್', ನೇವಿ ಉಡಬಹುದು. ಹಸಿರು ಕಂಡರೆ 'ವಾರ್ಮ್', ಯೋಚಿಸಿ ಉಡಿ. ಕಪ್ಪು ಮೈಯಲ್ಲಿ ನರ ಯಾವ ಬಣ್ಣಕ್ಕೂ ಸರಿಯಾಗಿ ಕಾಣುವುದಿಲ್ಲವಲ್ಲ, ಆಗ? ಪರೀಕ್ಷೆ ಫೇಲಾದದ್ದು ಪರೀಕ್ಷೆಯೇ. ಆದರೆ ಮುಖ ಸಣ್ಣ ಮಾಡಿಕೊಂಡು ಎದ್ದುಬರುವವಳು ಹುಡುಗಿ.

ಇನ್ನು ಕೆಲವರು ಫಿಟ್ಸ್‌ಪ್ಯಾಟ್ರಿಕ್ ಮಾಪನ ಅಂತ ವಿಜ್ಞಾನದ ಹೆಸರನ್ನೇ ತರುತ್ತಾರೆ. ಅದನ್ನು 1975ರಲ್ಲಿ ಮಾಡಿದ್ದು ಒಬ್ಬ ಚರ್ಮವೈದ್ಯ. ಚರ್ಮರೋಗಕ್ಕೆ ಬೆಳಕಿನ ಚಿಕಿತ್ಸೆ ಕೊಡುವಾಗ ಯಾರ ಚರ್ಮ ಎಷ್ಟು ಬೇಗ ಸುಡುತ್ತದೆ, ಯಾರಿಗೆ ಎಷ್ಟು ಪ್ರಮಾಣ ಕೊಡಬೇಕು ಅಂತ ತಿಳಿಯಲು. ಬ್ಲೌಸ್ ಪೀಸ್ ಆರಿಸಲು ಅಲ್ಲ. ಮೊದಲು ಅದರಲ್ಲಿ ಕಂದು ಚರ್ಮಕ್ಕೂ ಕಪ್ಪು ಚರ್ಮಕ್ಕೂ ಜಾಗವೇ ಇರಲಿಲ್ಲ, ಆಮೇಲೆ ಸೇರಿಸಿದರು. ಅದೇ 1975ರಲ್ಲಿ ನಮ್ಮಲ್ಲಿ ಇನ್ನೊಂದು ವಿಜ್ಞಾನ ಮಾರುಕಟ್ಟೆಗೆ ಬಂತು, ಟ್ಯೂಬಿನಲ್ಲಿ. ಫೇರ್ ಆ್ಯಂಡ್ ಲವ್ಲಿ.

2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಕಪ್ಪಗಿರುವುದನ್ನು ಕೊರತೆಯಂತೆ ತೋರಿಸಬೇಡಿ ಎಂದಿತು. 2020ರಲ್ಲಿ ಕ್ರೀಮಿನ ಹೆಸರು ಗ್ಲೋ ಆ್ಯಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆದುಹಾಕಿತು. ದೇಶ ಬದಲಾಯಿತು ಅಂತ ಸಂಪಾದಕೀಯ ಬರೆದವರು ಬರೆದರು. ಫೇರ್ ಹೋಯಿತು, ಟ್ಯೂಬು ಉಳಿಯಿತು. ಫಿಲ್ಟರ್ ಹೋಯಿತು. ಸೋದರತ್ತೆಗೆ ಇನ್ನೂ ಅಪ್‌ಡೇಟ್ ಬಂದಿಲ್ಲ.

ಈ ನೇವಿಯ ಪೂರ್ವಾಪರವನ್ನಾದರೂ ಒಮ್ಮೆ ವಿಚಾರಿಸಿದ್ದಾರಾ? 1748ರಲ್ಲಿ ಬ್ರಿಟನ್ನಿನ ನೌಕಾಪಡೆಯ ಅಧಿಕಾರಿಗಳಿಗೆ ಕಡುನೀಲಿ ಸಮವಸ್ತ್ರ ಗೊತ್ತುಮಾಡಿದರು. ಹೆಸರು ಅಲ್ಲಿಂದ ಬಂತು. ಮುಂದೆ ಆ ನೀಲಿಯ ಹಸಿವು ಬಂಗಾಳದ ಗದ್ದೆಗೆ ಇಳಿಯಿತು. ಭತ್ತ ಬೆಳೆಯುವ ನೆಲದಲ್ಲಿ ಸಾಲ ಹೊರಿಸಿ, ಹೊಡೆದು, ನೀಲಿ ಗಿಡ ಬೆಳೆಸಿದರು. 1859ರಲ್ಲಿ ರೈತರು ತಿರುಗಿಬಿದ್ದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದೂ ಈ ನೀಲಿಯ ಜಗಳಕ್ಕೇ. ಗಿಡವನ್ನು ತೊಟ್ಟಿಯಲ್ಲಿ ಕೊಳೆಹಾಕಿ, ಅದೇ ನೀರಿನಲ್ಲಿ ನಿಂತು ಬಡಿದು ಬಡಿದು ಬಣ್ಣ ಇಳಿಸಿದವರ ಮೈ ಯಾವ ಬಣ್ಣದ್ದಿತ್ತು ಅಂತ ತಿಳಿಯಲು ಚಾರ್ಟ್ ಬೇಕಿಲ್ಲ. ಆ ಬಣ್ಣ ತಯಾರಿಸಲು ಆಗುವ ಚರ್ಮ, ಆ ಬಣ್ಣ ಉಡಲು ಆಗುವುದಿಲ್ಲವಂತೆ.

ಅಷ್ಟು ಹಿಂದೆ ಯಾಕೆ? ನಿಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ನೇವಿ ಪ್ಯಾಂಟು ತೊಟ್ಟು ಬಿಸಿಲಿನಲ್ಲಿ ನಿಂತಿದ್ದಾನಲ್ಲ, ಅವನನ್ನು ನೋಡಿ. "ನಿನ್ನ ಕಲರ್‌ಗೆ ಇದು ಒಪ್ಪಲ್ಲಪ್ಪ" ಅಂತ ಯಾವ ಅಸೋಸಿಯೇಷನ್ ಸಭೆಯಲ್ಲೂ ಠರಾವು ಆಗಿಲ್ಲ. ನೀಲಿ ಲಂಗ, ಬಿಳಿ ಅಂಗಿ ತೊಟ್ಟು ಶಾಲೆಗೆ ಹೋದ ತಲೆಮಾರುಗಳ ಹುಡುಗಿಯರ ಮುಂಗೈ ತಿರುಗಿಸಿ ಯಾರೂ ನರ ನೋಡಲಿಲ್ಲ. ಊರೂರಿನ ವೃತ್ತದಲ್ಲಿ ಅಂಬೇಡ್ಕರ್ ನೀಲಿ ಕೋಟಿನಲ್ಲೇ ನಿಂತಿದ್ದಾರೆ. ಕಾವಲಿಗೆ ಒಪ್ಪುತ್ತದೆ, ಶಾಲೆಗೆ ಒಪ್ಪುತ್ತದೆ, ಸ್ವಾಭಿಮಾನಕ್ಕೆ ಒಪ್ಪುತ್ತದೆ. ಛತ್ರದ ಬಾಗಿಲಿಗೆ ಬಂದರೆ ಮಾತ್ರ ಒಪ್ಪುವುದಿಲ್ಲ.

ದೇವರ ವಿಷಯಕ್ಕೆ ಬರದೆ ನಮ್ಮಲ್ಲಿ ಬಣ್ಣದ ಮಾತು ಮುಗಿಯುವುದಿಲ್ಲ. ಉಡುಪಿಯಲ್ಲಿ ಕಿಂಡಿಗೆ ಕಣ್ಣಿಟ್ಟು ಕರಿಶಿಲೆಯ ಕೃಷ್ಣನನ್ನು ನೋಡಿ "ಎಷ್ಟು ಚೆಂದ, ಎರಡು ಕಣ್ಣು ಸಾಲದು" ಎನ್ನುತ್ತಾರೆ. ರಥಬೀದಿಗೆ ಬಂದು ಊಟ ಮುಗಿಸುವ ಮೊದಲೇ, "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಸ್ವಲ್ಪ…" ಎರಡು ಕಣ್ಣು ಸಾಲದ್ದು ನಿಜವೇ ಇರಬೇಕು.

ಸೋದರತ್ತೆ ಪುರಾಣ ಓದಿದವರು, ಮರು ವಾದ ಹೂಡಬಹುದು. ಕಪ್ಪು ಕೃಷ್ಣನಿಗೆ ಹಳದಿ ಪೀತಾಂಬರ, ಬೆಳ್ಳಗಿನ ಬಲರಾಮನಿಗೆ ನೀಲಾಂಬರ, ನೋಡಿದ್ರಾ, ನಾನು ಹೇಳಿದ್ದೂ ಅದನ್ನೇ ಅಂತ. ಅದನ್ನಲ್ಲ ಅತ್ತೆ. ಕೃಷ್ಣನಿಗೆ ಹಳದಿ ಉಡಿಸಿದವನು ಅವನ ಕಪ್ಪು ಇನ್ನಷ್ಟು ಎದ್ದು ಕಾಣಲಿ ಅಂತ ಉಡಿಸಿದ. ನೀವು ಅಂಗಡಿಗೆ ಬಂದಿರುವುದು ಅದನ್ನು ಮುಚ್ಚಲು. ಬಣ್ಣ ಹೊಂದಿಸುವ ವಿದ್ಯೆ ಒಂದೇ, ಹಿಡಿದ ಕೈ ಬೇರೆ.

ವಿದ್ಯೆಯೇನೂ ಸುಳ್ಳಲ್ಲ. ಅದನ್ನು ಬಲ್ಲವರು ಇದ್ದಾರೆ, ಯಾರೂ ಅವರನ್ನು ಕೇಳುವುದಿಲ್ಲ. ಮ್ಯಾಚಿಂಗ್ ಸೆಂಟರಿನ ಮುದುಕರು ಮೊದಲು ಮಾಡುವ ಕೆಲಸ, ಸೀರೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಬರುವುದು. ಟ್ಯೂಬ್‌ಲೈಟಿನ ಕೆಳಗೆ ನೇವಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ಬೇರೆ ತಾನಿನ ನೇವಿಗಳು ಒಂದಕ್ಕೊಂದು ಹೊಂದುವುದೇ ಇಲ್ಲ, ಒಂದು ನೇರಳೆಗೆ ವಾಲುತ್ತದೆ, ಒಂದು ಹಸಿರಿಗೆ. ನೇವಿ ಸೀರೆಗೆ ನೇವಿ ಬ್ಲೌಸ್ ಹುಡುಕಿ ಬೀದಿ ಅಲೆಯುವ ಬದಲು ಸಾಸಿವೆ ಹಳದಿಗೋ ಕುಂಕುಮದ ಕೆಂಪಿಗೋ ಹೋಗಿ ಎನ್ನುತ್ತಾರೆ ಅವರು. ಇಳಕಲ್ಲಿನ ನೇಕಾರರಿಗೆ ಇದು ತಲೆಮಾರುಗಳಿಂದ ಗೊತ್ತಿತ್ತು. ಕಡುನೀಲಿ ಒಡಲು, ಕೆಂಪು ಸೆರಗು. ಉಟ್ಟವರು ಜೋಳದ ಹೊಲದಲ್ಲಿ ಬಿಸಿಲು ಕುಡಿದ ಹೆಂಗಸರು. ಆ ಸೀರೆಯಲ್ಲಿ ಅವರು ಎದ್ದು ಕಾಣಲಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಕಪ್ಪು ಮೈಗೆ ನೇವಿ ಬೇಕಾದರೆ ನೋಡಬೇಕಾದದ್ದು ಬಟ್ಟೆಯ ಹೊಳಪು. ಮಂಕು ಹತ್ತಿಯ ನೇವಿ ಬೆಳಕು ನುಂಗಿ ಸುಮ್ಮನಿರುತ್ತದೆ. ರೇಷ್ಮೆಯ ನೇವಿ ಬೆಳಕು ವಾಪಸ್ ಕೊಡುತ್ತದೆ. ಹಾಸು ನೀಲಿ, ಹೊಕ್ಕು ಮರೂನ್ ಇದ್ದರಂತೂ ನಡೆದಾಡಿದರೆ ಮಡಿಕೆ ಮಡಿಕೆಗೂ ಬಣ್ಣ ತಿರುಗುತ್ತದೆ. ಕೊರಳ ಹತ್ತಿರ ಜರಿ ಇರಲಿ, ಇಲ್ಲವೇ ಕೆನೆ ಬಣ್ಣದ ಬ್ಲೌಸ್. ಗೋಧಿ ಬಣ್ಣದವರಿಗೆ ಮರೂನ್, ತಾಮ್ರ. ಬೆಳ್ಳಗಿರುವವರಿಗೆ ಬೂದು, ತಿಳಿಗುಲಾಬಿ. ಇವನ್ನು ಅದಲು ಬದಲು ಮಾಡಿ ಉಟ್ಟರೂ ಪೊಲೀಸರು ಬರುವುದಿಲ್ಲ. ಮೈಗೂ ಬಟ್ಟೆಗೂ ನಡುವೆ ಎಷ್ಟು ಅಂತರ ಬೇಕು ಅನ್ನುವುದಷ್ಟೇ ಇಲ್ಲಿನ ಲೆಕ್ಕ. ಕೆಲವರಿಗೆ ಅಂತರ ಇಷ್ಟ, ಕೆಲವರಿಗೆ ಕರಗಿಹೋಗುವುದು ಇಷ್ಟ. ಮೊದಲ ಸಲ ತೊಳೆಯುವಾಗ ಬೇರೆ ಬಕೆಟ್ಟಿನಲ್ಲಿ ನೆನೆಸಿ. ನೇವಿಯಿಂದ ಮೈಗೆ ಏನಾದರೂ ಅಪಾಯ ಇದ್ದರೆ ಅದು ಬಣ್ಣ ಬಿಡುವುದು ಮಾತ್ರ.

ಇದನ್ನೆಲ್ಲ ಕೇಳುವ ತಾಳ್ಮೆ ಯಾರಿಗಿದೆ? ಬ್ಯೂಟಿಷಿಯನ್‌ಗೆ ಹೇಳಿದರೆ ಮುಗಿಯಿತು. ಮುಖ ಎರಡು ಶೇಡ್ ಮೇಲಕ್ಕೆ. ಕುತ್ತಿಗೆ ಒಂದು ಶೇಡ್. ಕೈ ಹುಟ್ಟಿದ ಹಾಗೇ. ಒಬ್ಬಳೇ ಹುಡುಗಿ ಮೂರು ಕಂತಿನಲ್ಲಿ ನಿಂತಿರುತ್ತಾಳೆ. ಈಗ ಅರ್ಥವಾಯಿತೇ ನೇವಿ ಬೇಡ ಎಂದದ್ದು ಯಾಕೆ ಅಂತ? ಆ ಕಡುನೀಲಿಯ ಪಕ್ಕ ಬಳಿದ ಬಣ್ಣ ಯಾವುದು, ಹುಟ್ಟಿದ ಬಣ್ಣ ಯಾವುದು ಎಂದು ಕೊನೆಯ ಸಾಲಿನ ಕುರ್ಚಿಯವರಿಗೂ ಕಾಣುತ್ತದೆ.

ಮೊನ್ನೆ ಪರಿಚಯದವರೊಬ್ಬರ ಮನೆಗೆ ಮದುವೆ ಆಲ್ಬಮ್ ಬಂತು. ಹುಡುಗಿಗೆ ಕೊನೆಗೂ ಪೀಚ್ ಬಣ್ಣವೇ ಉಡಿಸಿದ್ದರು. ಹುಡುಗನದು ನೇವಿ ಸೂಟು. ಹುಡುಗನ ತಾಯಿ ಹೇಳಿದ ಪ್ರಕಾರವೇ ಸ್ಟುಡಿಯೋದವನು ಇಬ್ಬರನ್ನೂ ಬೆಳ್ಳಗೆ ಮಾಡಿದ್ದ. ಆದರೆ ಅವನು ಏರಿಸಿದ ಬೆಳಕು ಮುಖ ಯಾವುದು, ಕೋಟು ಯಾವುದು ಅಂತ ವಿಚಾರಿಸಿಕೊಂಡು ಬೀಳಲಿಲ್ಲ. ನೇವಿ ತೆಳ್ಳಗಾಗಿ ಹಳೆ ಇನ್‌ಲ್ಯಾಂಡ್ ಲೆಟರಿನ ನೀಲಿಗೆ ಬಂದು ನಿಂತಿತ್ತು.

ಆಕೆ ಕೆಂಡಾಮಂಡಲ. ಬಾಕಿ ದುಡ್ಡು ತಡೆದು ಫೋನು ಮಾಡಿದರು. "ಬಣ್ಣಾನೇ ಬದಲಾಯಿಸಿಬಿಟ್ಟಿದ್ದೀರಲ್ರೀ! ಇದ್ದದ್ದು ಇದ್ದ ಹಾಗೆ ತೋರಿಸೋಕೆ ನಿಮಗೇನು ಕಷ್ಟ? ಒರಿಜಿನಲ್ ಬಣ್ಣ ಬರೋವರೆಗೂ ಒಂದು ಪೈಸೆ ಕೊಡಲ್ಲ."

ಕೋಟಿನದು.