ಪಿಕಪ್ ಪಂಡಿತರು

ಪಂಡಿತರಿಗೆ ಗಿಟಾರ್ ನುಡಿಸಲು ಬರುವುದಿಲ್ಲ ಎಂದರೆ ಅನ್ಯಾಯವಾಗುತ್ತದೆ. ಮೂರು ಹಾಡುಗಳ ಮೊದಲರ್ಧ ಚೆನ್ನಾಗಿಯೇ ಬರುತ್ತದೆ. ಉಳಿದರ್ಧ ಕಲಿಯಲು ಪುರುಸೊತ್ತಾಗಿಲ್ಲ. ಗಿಟಾರ್ ಬಿಚ್ಚಿ ಜೋಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಕೆಣಕಿದವರಿಗೆ ಕೊಡಲು ಅವರ ಬಳಿ ಸಿದ್ಧ ಉತ್ತರವಿದೆ: 1954ರಲ್ಲಿ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್‌ಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಮಾತು ನಿಜವೇ. ಆ ಒಂದು ನಿಜದ ಮೇಲೆ ಪಂಡಿತರು ಹದಿನೈದು ವರ್ಷ ತಳ್ಳಿದ್ದಾರೆ.

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಲವತ್ತೈದರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ಒಗೆದೂ ಒಗೆದೂ ಬೂದಿ ಬಣ್ಣಕ್ಕಿಳಿದ ಕಪ್ಪು ಟೀ ಶರ್ಟು. 2007ರಲ್ಲಿ ಐರನ್ ಮೇಡನ್ ತಂಡ ಅರಮನೆ ಮೈದಾನಕ್ಕೆ ಬಂದಾಗ ಕೊಂಡದ್ದು. ಅದರ ಮೇಲಿರುವ, ತಂಡದ ಲಾಂಛನವಾದ ಎಡ್ಡಿಯ ಅಸ್ಥಿಪಂಜರ ಹೊಟ್ಟೆಯ ಹತ್ತಿರ ಮಾತ್ರ ಮೈಕೈ ತುಂಬಿಕೊಂಡಿದೆ.

ಹೊಸ ಎಲೆಕ್ಟ್ರಿಕ್ ಗಿಟಾರ್ ಮನೆಗೆ ಬಂದ ರಾತ್ರಿಯೇ ಪತ್ತೆಯಾಯಿತು: ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ಪುಗಳಲ್ಲಿ ಕುತ್ತಿಗೆ ಕಡೆಯದು ಗುಡುಗುತ್ತದೆ, ಬ್ರಿಜ್ ಕಡೆಯದು ಗೊಣಗುತ್ತದೆ. ಇನ್ನೊಬ್ಬರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಪಂಡಿತರ ಮುಖದಲ್ಲಿ ಒಂದು ಕಳೆ ಬಂತು. ಏನೂ ದೋಷವಿಲ್ಲದ ಗಿಟಾರ್ ಬಂದುಬಿಟ್ಟಿದ್ದರೆ ನುಡಿಸಬೇಕಾಗುತ್ತಿತ್ತು.

ಮೊದಲು ಕೇಬಲ್ ಬದಲಾಯಿತು. ಆಮೇಲೆ ಆಂಪ್ ಹಚ್ಚಿ, ಸ್ಕ್ರೂ ಡ್ರೈವರಿನ ತುದಿಯಿಂದ ಪಿಕಪ್ಪಿನ ತಲೆಗೆ ಮೆಲ್ಲಗೆ ಬಡಿದು ನೋಡಿದರು. 'ಟಕ್' ಎಂದಿತು. ಜೀವವಿದೆ! ಸುರುಳಿ ಕಡಿದಿಲ್ಲ. ಇನ್ನು ಅಳತೆ. ಮನೆಯಲ್ಲಿದ್ದ ಮಲ್ಟಿಮೀಟರಿನ ಬ್ಯಾಟರಿ ಸತ್ತಿತ್ತು. ಬ್ಯಾಟರಿಯೊಂದು ಕೆಳಗಿನ ಅಂಗಡಿಯಲ್ಲೇ ಸಿಗುತ್ತಿತ್ತು. ಪಂಡಿತರು ಶನಿವಾರ ಎಸ್.ಪಿ. ರೋಡಿಗೆ ಹೋಗಿ ಹೊಸ ಮಲ್ಟಿಮೀಟರನ್ನೇ ತಂದರು. ಜೊತೆಗೆ ಯಾವುದಕ್ಕೂ ಇರಲಿ ಎಂದು 500 ಕಿಲೋ ಓಮ್‌ನ ನಾಲ್ಕು ಪೊಟೆನ್ಷಿಯೋಮೀಟರು, ಒಂದು ಹಿಡಿ 0.022 ಮೈಕ್ರೋಫ್ಯಾರಡ್ ಕೆಪಾಸಿಟರು. ಕುತ್ತಿಗೆಯದು 7.6 ಕಿಲೋ ಓಮ್ ತೋರಿಸಿತು, ಬ್ರಿಜ್ಜಿನದು 8.3. ಸುತ್ತು ಜಾಸ್ತಿ ಇರುವುದೇ ಮೆತ್ತಗೆ ಕೇಳುತ್ತಿದೆ! ಆ ರಾತ್ರಿ ಅವರಿಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಭಾನುವಾರ ಮಗಳು-ಅಳಿಯನನ್ನು ನೋಡಲು ಬಂದಿದ್ದ ಮಾವನವರಿಗೆ ಪಾಠವಾಯಿತು. ತಂತಿ ಬ್ರಿಜ್ಜಿನ ಹತ್ತಿರ ಕಡಿಮೆ ಅದುರುತ್ತದೆ, ಕುತ್ತಿಗೆ ಕಡೆ ಹೆಚ್ಚು. ಆದ್ದರಿಂದಲೇ ಬ್ರಿಜ್ ಪಿಕಪ್ಪಿಗೆ ಸುತ್ತು ಜಾಸ್ತಿ. ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಸಾವಿರಾರು ಸುತ್ತು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಕರೆಂಟಿನ ಗುಂಯ್‌ಗಾಟವನ್ನು ಅಡಗಿಸಿದವನು ಗಿಬ್ಸನ್ ಕಂಪನಿಯ ಸೆತ್ ಲವರ್. ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರಲ್ಲಿ. ಅರ್ಜಿ ಹಾಕಿದೆ ಎಂಬ ಚೀಟಿ ಅಂಟಿದ ಆ ಕಾಲದ ಪಿಕಪ್ಪುಗಳಿಗೆ ಇವತ್ತು ಲಕ್ಷಗಟ್ಟಲೆ ಕೊಡುವವರಿದ್ದಾರೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮಾವನವರಿಗೆ ಇದೊಂದು ಮಾತು ಮಾತ್ರ ಮನಸ್ಸಿಗೆ ನಾಟಿತು. ಅರ್ಜಿಗೂ ಇಷ್ಟು ಬೆಲೆಯೇ ಎಂದು ಕೇಳಿ, ಕಣ್ಣು ಮುಚ್ಚಿಕೊಂಡರು.

ಹೆಂಡತಿ ಒಳಗಿನಿಂದ ಬಂದು, "ರೀ, ಇದನ್ನ ವಾಪಸ್ ಕಳಿಸಬಾರದಾ?" ಎಂದರು.

"ವಾಪಸ್ಸಾ? ಏನೂ ಕೆಟ್ಟಿಲ್ಲ ಕಣೇ!"

"ಮತ್ಯಾಕೆ ಬಿಚ್ಚಿ ಹರವಿಕೊಂಡಿದ್ದೀರಿ?"

ಇಂಥ ಪ್ರಶ್ನೆಗಳಿಗೆ ಮಲ್ಟಿಮೀಟರಿನಲ್ಲಿ ಉತ್ತರವಿರುವುದಿಲ್ಲ.

ಪಿಕಪ್ಪಿನ ಎರಡು ಪಕ್ಕದಲ್ಲೂ ಒಂದೊಂದು ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಪಿಕಪ್ ಮೇಲೇರಿ ತಂತಿಗೆ ಹತ್ತಿರವಾಗುತ್ತದೆ, ಹತ್ತಿರವಾದಷ್ಟೂ ದನಿ ಜೋರಾಗುತ್ತದೆ. ಇದು ಪಂಡಿತರಿಗೆ ಗೊತ್ತಿಲ್ಲವೆಂದುಕೊಳ್ಳಬೇಡಿ. ಮೊದಲ ದಿನವೇ ಗೊತ್ತಿತ್ತು. ಬಾಳೆಲೆಯ ತುದಿಗೆ ಸರಿಸಿಟ್ಟುಕೊಂಡ ಹೋಳಿಗೆಯ ಹಾಗೆ ಅದನ್ನು ಕೊನೆಗೆಂದು ಉಳಿಸಿಕೊಂಡಿದ್ದರು. ಅಯಸ್ಕಾಂತದ ಜಾತಿ, ಬೆಸುಗೆಯ ಗುಣ, ಜ್ಯಾಕಿನ ತುಕ್ಕು ಎಲ್ಲ ಮುಗಿದು ಬೇರೇನೂ ಉಳಿಯದೆ ಹೋದ ಮೇಲೆ, ಒಂದು ರಾತ್ರಿ ತಂತಿಯನ್ನು ಕಟ್ಟಕಡೆಯ ಫ್ರೆಟ್ಟಿನಲ್ಲಿ ಅದುಮಿ ಹಿಡಿದು ಸ್ಕೇಲ್ ಇಟ್ಟರು. ಸಂದು ಐದು ಮಿಲಿಮೀಟರ್! ಬ್ರಿಜ್ ಕಡೆ ಇರಬೇಕಾದದ್ದು ಒಂದೂವರೆ, ಹೆಚ್ಚೆಂದರೆ ಎರಡು. ಸ್ಕ್ರೂ ತಿರುಗಿತು, ಪಿಕಪ್ ಎದ್ದಿತು, ಕುತ್ತಿಗೆಯದನ್ನು ಒಂದಿಷ್ಟು ಇಳಿಸಿದ್ದೂ ಆಯಿತು. ಎರಡೂ ಸಮಸಮ. ಐದು ನಿಮಿಷದ ಕೆಲಸ.

ಪಂಡಿತರು ಮಂಕಾದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗಿಟಾರ್ ಸುಸ್ಥಿತಿಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅದರ ಮುಂದೆ ಹಾದುಹೋಗುವಾಗ ಅವರು ಮುಖ ಆಚೆ ತಿರುಗಿಸುತ್ತಿದ್ದರು.

ಮೂರನೆಯ ದಿನ ಬಾಗಿಲು ಬಡಿಯಿತು. ಎರಡನೇ ಮಹಡಿಯ ಕಾಲೇಜು ಹುಡುಗ, ಹೆಗಲಿಗೆ ಗಿಟಾರು.

"ಅಂಕಲ್, ಇದ್ರ ಒಂದು ಪಿಕಪ್ಪಲ್ಲಿ ಸೌಂಡೇ ಬರ್ತಿಲ್ಲ."

"ಒಂದೇನಾ?" ಪಂಡಿತರು ಎದ್ದೇಬಿಟ್ಟರು. "ಸ್ಕ್ರೂಗಿಕ್ರೂ ಮುಟ್ಟಿಲ್ಲ ತಾನೇ? ಬಾ, ಬಾ, ಕೂತ್ಕೋ. ಇವಳೇ, ಎರಡು ಕಾಫಿ!"

ಅಡುಗೆಮನೆಯಿಂದ ಉತ್ತರ ಬಂದದ್ದು ಹುಡುಗನಿಗೆ: "ಮಗೂ, ನಿಂಗೆ ಈ ವಾರ ಪರೀಕ್ಷೆಗಿರೀಕ್ಷೆ ಏನೂ ಇಲ್ಲ ತಾನೇ?"