ಪಾಡ್ ಅನಿತ್ಯ, ಡಿಸ್ಕ್ ನಿತ್ಯ: ಕುಬರ್ನೆಟೀಸ್ ಸಂಗ್ರಹ ಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಡೇಟಾಬೇಸನ್ನು ಕುಬರ್ನೆಟೀಸ್ ಒಳಗೇ ಇಡುತ್ತೇನೆಂದು ಮ್ಯಾನೇಜರಿಗೆ ಮಾತು ಕೊಟ್ಟು ಬಂದು, ಆಮೇಲೆ ಹೇಗೆಂದು ಹುಡುಕುವವನು. ವಿಷಯ: ಪರ್ಸಿಸ್ಟೆಂಟ್ ವಾಲ್ಯೂಮ್. ಸಂಬಂಧ: ಆನ್‌ಕಾಲ್ ಫೋನು. ಪ್ರಯೋಜನ: ನಿದ್ದೆ.

ಪಾಡ್ ಕ್ಷಣಿಕವೆಂಬುದು ಸರ್ವಸಮ್ಮತ. ಅದು ಹೋದರೆ ಅದರೊಳಗೆ ಬರೆದದ್ದೂ ಹೋಯಿತು. 2014ರಲ್ಲಿ ಗೂಗಲ್ ಲೋಕಾರ್ಪಣೆ ಮಾಡಿದ ಈ ದರ್ಶನದಲ್ಲಿ ಸ್ಟೇಟ್‌ಫುಲ್‌ಸೆಟ್‌ಗೆ ಸ್ಥಿರಪದವಿ ಸಿಕ್ಕಿದ್ದು 2017ರ ಕೊನೆಗೆ. ಅಲ್ಲಿಯವರೆಗೆ ಡೇಟಾಬೇಸನ್ನು ಹೊರಗೆ ಕೂರಿಸುವುದೇ ಶಿಷ್ಟಾಚಾರವಾಗಿತ್ತು. ಶಿಷ್ಟರು ಈಗಲೂ ಹಾಗೇ ಮಾಡುತ್ತಾರೆ.

ಒಳಗೇ ಕೂರಿಸುವುದಾದರೆ ಡಿಸ್ಕ್ ಎಲ್ಲಿಂದ ಎಂಬುದಕ್ಕೆ ಪೂರ್ವಪಕ್ಷಗಳು ನಾಲ್ಕು. ಎನ್‌ಎಫ್‌ಎಸ್ ಪಂಥದವರು ಸನಾತನಿಗಳು. ಮೂಲಪುರುಷ ಸನ್ ಮೈಕ್ರೋಸಿಸ್ಟಮ್ಸ್, ಕಾಲ 1984. ಎಷ್ಟು ನೋಡ್‌ಗಳು ಬೇಕಾದರೂ ಏಕಕಾಲಕ್ಕೆ ಬರೆಯಬಹುದು. ಸರ್ವರ್ ಬಿದ್ದರೆ? ಅದು ಏಳುವ ತನಕ ಎಲ್ಲ ಪಾಡ್‌ಗಳೂ ಭೇದಭಾವವಿಲ್ಲದೆ ಸಮಾಧಿಸ್ಥವಾಗುತ್ತವೆ. ಇದನ್ನೇ ಅವರು ಅದ್ವೈತವೆನ್ನುತ್ತಾರೆ.

ಸೆಫ್ ಪಂಥಕ್ಕೆ ತ್ರಿಮೂರ್ತಿಗಳಲ್ಲಿ ನಂಬಿಕೆ: ಎಲ್ಲದಕ್ಕೂ ಮೂರು ಪ್ರತಿ. 30 ಟೆರಾಬೈಟ್ ಕೊಂಡವನಿಗೆ ದಕ್ಕುವುದು 10. ಅದರ ಮೇಲೆ, ತನ್ನ ಪಾಡಿಗೆ ತಾನೇ ಮೂರು ಪ್ರತಿ ಮಾಡಿಕೊಳ್ಳುವ ಕಸಾಂಡ್ರಾವನ್ನು ತಂದು ಕೂರಿಸಿದರೆ ಒಂದು ಸಾಲಿಗೆ ಒಂಬತ್ತು ಅವತಾರ. ಪುರಾಣಕ್ಕೆ ಒಂದೇ ಕಡಿಮೆ. ಅಂಥ ಡೇಟಾಬೇಸಿಗೆ ಲೋಕಲ್ ಡಿಸ್ಕೇ ಸಾಕೆಂಬುದು ಚಾರ್ವಾಕರ ಮತ. ಕೈಗೆ ಸಿಕ್ಕುವ ಎಸ್‌ಎಸ್‌ಡಿಯೊಂದೇ ಪ್ರಮಾಣ, ನೋಡ್ ಸತ್ತ ಮೇಲೆ ಪರಲೋಕವಿಲ್ಲ. ತರ್ಕದಲ್ಲಿ ಇವರನ್ನು ಸೋಲಿಸುವುದು ಕಷ್ಟ.

ಇನ್ನು ಕ್ಲೌಡ್ ಡಿಸ್ಕಿನವರು. ಅಮೆಜಾನಿನ ಇಬಿಎಸ್ ಡಿಸ್ಕ್ ತಾನು ಹುಟ್ಟಿದ ಝೋನಿನ ಗಡಿ ದಾಟದು. ಪಾಡ್‌ಗೆ ಬೇರೆ ಝೋನಿನಲ್ಲಷ್ಟೇ ಜಾಗವಿದ್ದರೆ ಅದು 'ಪೆಂಡಿಂಗ್' ಎಂಬ ಜಪದಲ್ಲಿ ಕೂರುತ್ತದೆ. ಪಾಡ್‌ನ ಜಾಗ ನಿಶ್ಚಯವಾದ ಮೇಲೆ ಡಿಸ್ಕ್ ಹುಟ್ಟಲಿ ಎಂಬ 'ವೇಟ್ ಫಾರ್ ಫಸ್ಟ್ ಕನ್ಸ್ಯೂಮರ್' ವಿಧಿ ಬಂದದ್ದು ಇದಕ್ಕಾಗಿಯೇ.

ಸಿದ್ಧಾಂತ: ವೇಗದ ಅಳತೆಯ ಕೋಷ್ಟಕಗಳೆಲ್ಲ ಅರ್ಥವಾದ. ಕೇಳಬೇಕಾದ್ದು ಒಂದೇ. ಸೆಫ್ ಕೆಟ್ಟರೆ ನಡುರಾತ್ರಿ ಎದ್ದು ಸರಿಪಡಿಸಬಲ್ಲವರು ತಂಡದಲ್ಲಿ ಎಷ್ಟು ಜನ? ಯಾರೂ ಇಲ್ಲವೆಂದರೆ ಕ್ಲೌಡ್ ಡಿಸ್ಕ್. ಒಬ್ಬರಿದ್ದಾರೆಂದರೂ ಕ್ಲೌಡ್ ಡಿಸ್ಕ್. ಆ ಒಬ್ಬರು ಅವತ್ತು ತಂಗಿಯ ಮದುವೆಗೆ ಊರಿಗೆ ಹೋಗಿರುತ್ತಾರೆ.

ಕೊನೆಗೆ ಅಂತ್ಯೇಷ್ಟಿ ಪ್ರಕರಣ. ಸ್ಟೋರೇಜ್ ಕ್ಲಾಸ್ ಹುಟ್ಟಿಸಿದ ವಾಲ್ಯೂಮಿಗೆ, ಯಾರೂ ಬೇರೆ ಹೇಳದಿದ್ದರೆ, 'ಡಿಲೀಟ್' ವಿಧಿ: ಡಿಸ್ಕ್ ಬೇಡಿ ಸಲ್ಲಿಸಿದ ಕ್ಲೇಮ್ ಅಳಿಸಿದೊಡನೆ ಡಿಸ್ಕೂ ಅದರ ಹಿಂದೆಯೇ ಹೊರಡುತ್ತದೆ. ಹೆದರಿದವರು 'ರಿಟೇನ್' ವ್ರತ ಹಿಡಿಯುತ್ತಾರೆ. ಆಗ ವಾಲ್ಯೂಮ್ 'ರಿಲೀಸ್ಡ್' ಎಂಬ ತ್ರಿಶಂಕು ಸ್ಥಿತಿ ಸೇರುತ್ತದೆ: ಹೊಸ ಕ್ಲೇಮಿಗೆ ತಾನಾಗಿ ದಕ್ಕದು, ಹಳೆಯದಕ್ಕೆ ಸೇರಿದ್ದೂ ಅಲ್ಲ. ಅದರ ಅಸ್ತಿತ್ವಕ್ಕೆ ಪ್ರತಿ ತಿಂಗಳ ಬಿಲ್ಲೊಂದೇ ಪ್ರಮಾಣ.